ಬೂಸ್ಟ್ ಆಮೇಲೆ, ಮೊದಲು ಕಾಯಿಲ್ ನೋಡಿ

ಈ ಸಲವೂ ಅದೇ. ಆಕ್ಲೆಂಡ್, ಮೆಲ್ಬರ್ನ್, ಬ್ರಿಸ್ಬೇನ್, ಎಲ್ಲಿಂದ ಪತ್ರ ಬಂದರೂ ಒಳಗಿರುವ ಪ್ರಶ್ನೆ ಒಂದೇ: "ಸರ್, ಬೂಸ್ಟ್ ಎಷ್ಟಕ್ಕೆ ಏರಿಸಬಹುದು?" ಬೂಸ್ಟ್ ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಆಯಿಲ್ ಯಾವಾಗ ಬದಲಿಸಬೇಕು, ಎಂಜಿನ್ ಬಿಸಿಯಾಗುವ ಮೊದಲು ಆಕ್ಸಿಲರೇಟರ್ ಏಕೆ ಒತ್ತಬಾರದು ಅನ್ನೋದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದಿದ್ದರೆ ಟರ್ಬೊ ಗಾಡಿ ಮಾರಿಬಿಡಿ.

ಪ್ರಶ್ನೆ: ನನ್ನದು 1996ರ ನಿಸ್ಸಾನ್ ಸ್ಕೈಲೈನ್ ಆರ್33, ಆರ್‌ಬಿ25 ಟರ್ಬೊ ಎಂಜಿನ್. ಜಪಾನಿನಿಂದ ನ್ಯೂಜಿಲೆಂಡಿಗೆ ಬಂದ ಗಾಡಿ. ಪಿಕಪ್ ಸಾಲದು. ಜೋರಾಗಿ ಒತ್ತಿದರೆ 4000 ಆರ್‌ಪಿಎಂ ದಾಟಿದ ಮೇಲೆ ಜರ್ಕ್ ಹೊಡೆಯುತ್ತದೆ. ಡ್ಯಾಶ್‌ಬೋರ್ಡಿನ ಬೂಸ್ಟ್ ಮೀಟರ್ 7ರವರೆಗೆ ಇದೆ, ಮುಳ್ಳು ಸೊನ್ನೆಯಿಂದ 7ಕ್ಕೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಬೂಸ್ಟ್ ಕಂಟ್ರೋಲರ್ ಹಾಕಿ 14 ಪಿಎಸ್‌ಐ (ಒತ್ತಡದ ಅಳತೆ) ಇಟ್ಟರೆ ಸರಿಹೋಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಮಾಡಿಸಲಾ?

ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಮೊದಲು ಆ ಮೀಟರ್. ಅದರಲ್ಲಿರುವ 7 ಪಿಎಸ್‌ಐ ಅಲ್ಲ, 700 ಮಿಲಿಮೀಟರ್ ಪಾದರಸ. ಅಂದರೆ ಸುಮಾರು 13.5 ಪಿಎಸ್‌ಐ. ಮುಳ್ಳು ಅರ್ಧಕ್ಕೆ ನಿಂತರೆ ಹೆಚ್ಚುಕಡಿಮೆ 7 ಪಿಎಸ್‌ಐ ಆಯಿತು. ಕಾರ್ಖಾನೆಯವರು ಇಟ್ಟಿದ್ದೂ ಅಷ್ಟೇ. ನಿಮ್ಮ ಬೂಸ್ಟ್‌ಗೆ ಏನೂ ಆಗಿಲ್ಲ. "ಮುಳ್ಳು 7ಕ್ಕೆ ಬರೋವರೆಗೂ ಏರಿಸಿದೆ, ಅದು ಕಂಪನಿ ಬೂಸ್ಟ್ ತಾನೇ" ಅಂದುಕೊಂಡು ಟರ್ಬೊ ಸುಟ್ಟುಕೊಂಡವರು ನನ್ನ ವರ್ಕ್‌ಶಾಪಿಗೆ ಬರುತ್ತಲೇ ಇರುತ್ತಾರೆ.

ಇನ್ನು ಜರ್ಕ್. ಬೂಸ್ಟ್ ಏರಿದಾಗ ಸಿಲಿಂಡರಿನ ಒಳಗೆ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಕಿಡಿ ಹಾರುವುದು ಕಷ್ಟ. ಈ ಎಂಜಿನ್ನಿನಲ್ಲಿ ಆರು ಪ್ಲಗ್, ಅವಕ್ಕೆ ಕಿಡಿಯ ಕರೆಂಟ್ ಕೊಡುವ ಆರು ಕಾಯಿಲ್. ಎಲ್ಲವೂ ಎಂಜಿನ್ನಿನ ಮೇಲಿನ ಎರಡು ಕ್ಯಾಮ್ ಕವರ್‌ಗಳ ನಡುವೆ, ಮುಚ್ಚಳದ ಕೆಳಗೆ, ಬಿಸಿಯಲ್ಲಿ ಬೇಯುತ್ತ ಕೂತಿರುತ್ತವೆ. ಒಂದು ಕಾಯಿಲ್ ಹೊರಗೆ ತೆಗೆದು ಟಾರ್ಚ್ ಹಾಕಿ ನೋಡಿ. ಕಪ್ಪು ಮೈಮೇಲೆ ಕೂದಲೆಳೆಯಷ್ಟು ಬಿರುಕು ಕಾಣಬಹುದು, ಪಕ್ಕದಲ್ಲೇ ಬೂದಿ ಬಣ್ಣದ ಗೆರೆ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಬಿರುಕಿನಿಂದ ಎಂಜಿನ್ನಿನ ಮೈಗೆ ಹಾರಿದ ಗುರುತು ಅದು. ಇನ್ಸುಲೇಷನ್ ಟೇಪ್ ಸುತ್ತಿದರೆ ನಾಲ್ಕು ದಿನ ಓಡುತ್ತದೆ. ಟೇಪ್ ಸುತ್ತಿಯೇ ಮಾರುವವರೂ ಇದ್ದಾರೆ, ಗಾಡಿ ಕೊಳ್ಳುವಾಗ ಅದನ್ನೂ ನೋಡಿ. ಆರೂ ಕಾಯಿಲ್ ಬದಲಿಸಿ, ಒಂದೇ ಒಂದು ಬದಲಿಸಬೇಡಿ. ಆರ್33ರಲ್ಲಿ ಹಳೆಯ ಸೀರೀಸ್ 1, ನಂತರದ ಸೀರೀಸ್ 2 ಅಂತ ಎರಡು ಆವೃತ್ತಿ. ಸೀರೀಸ್ 1ರ ಕಾಯಿಲ್ ಬೇರೆ, ಸೀರೀಸ್ 2ರದ್ದು ಬೇರೆ. 1ರಲ್ಲಿ ಇಗ್ನೈಟರ್ (ಕಾಯಿಲಿನ ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಎಂಜಿನ್ನಿನ ಹಿಂದೆ ಪ್ರತ್ಯೇಕ ಇರುತ್ತದೆ, 2ರಲ್ಲಿ ಕಾಯಿಲಿನ ಒಳಗೇ ಇರುತ್ತದೆ. ನೋಡದೆ ಆರ್ಡರ್ ಮಾಡಿ ನನಗೆ ಫೋನ್ ಮಾಡಬೇಡಿ. ಹೊಸ ಪ್ಲಗ್ ಹಾಕುವಾಗ ಕಿಡಿ ಹಾರುವ ಗ್ಯಾಪ್ 1.1 ಮಿಲಿಮೀಟರ್ ಬದಲು 0.8 ಇಡಿ. ಎಷ್ಟೋ ಗಾಡಿಗಳ "ಪಿಕಪ್ ಸಮಸ್ಯೆ" ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಗಾಳಿ ಸೋರಿಕೆ ಹುಡುಕಿ. ಈ ಗಾಡಿ ಒಳಗೆ ಬರುವ ಗಾಳಿಯನ್ನು ಏರ್ ಫ್ಲೋ ಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಅಳೆದ ಗಾಳಿ ದಾರಿಯಲ್ಲಿ ಸೋರಿದರೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತದೆ, ಗಾಡಿ ಮುಗ್ಗರಿಸುತ್ತದೆ. 25 ವರ್ಷ ದಾಟಿದ ರಬ್ಬರ್ ಹೋಸ್‌ಗಳು ಕಲ್ಲಾಗಿರುತ್ತವೆ. ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು ಟೈರಿನ ವಾಲ್ವ್ ಕೂರಿಸಿ. ಎಂಜಿನ್ ಆಫ್ ಇರಲಿ. ಏರ್ ಫ್ಲೋ ಮೀಟರ್ ಬಿಚ್ಚಿ, ಟರ್ಬೊಗೆ ಹೋಗುವ ಪೈಪಿನ ಬಾಯಿಗೆ ಆ ಮುಚ್ಚಳ ಹಾಕಿ ಕ್ಲಾಂಪ್ ಬಿಗಿಯಿರಿ. ಕ್ಯಾಮ್ ಕವರಿನಿಂದ ಆ ಪೈಪಿಗೆ ಬರುವ ಬ್ರೀದರ್ ಹೋಸ್ ತೆಗೆದು ಆ ಬಾಯಿಯನ್ನೂ ಮುಚ್ಚಿ, ಇಲ್ಲದಿದ್ದರೆ ಗಾಳಿ ಎಂಜಿನ್ನಿನ ಆಯಿಲ್ ಸೀಲುಗಳ ಮೇಲೆ ಬೀಳುತ್ತದೆ. 7 ಪಿಎಸ್‌ಐ ಗಾಳಿ ಬಿಟ್ಟು, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ರೇಡಿಯೇಟರ್) ಪೈಪುಗಳ ಪ್ರತಿ ಜಾಯಿಂಟಿಗೂ ಸೋಪಿನ ನೀರು ಚಿಮುಕಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿದೆ ನಿಮ್ಮ ಪಿಕಪ್ಪು. ಸೋರಿಕೆ ಇಲ್ಲವೇ? ಆಗ ಏರ್ ಫ್ಲೋ ಮೀಟರನ್ನೇ ನೋಡಿ. ಎಣ್ಣೆ ಹಚ್ಚಿದ ಫಿಲ್ಟರ್ ಹಾಕಿದ್ದರೆ ಅದು ಕೊಳೆಯಾಗಿರುತ್ತದೆ. ಒಳಗಿನ ಸೋಲ್ಡರ್ ಬಿಟ್ಟುಕೊಳ್ಳುವುದೂ ಉಂಟು. ಅದಕ್ಕೆಂದೇ ಸಿಗುವ ಕ್ಲೀನರ್ ಸ್ಪ್ರೇ ಬಳಸಿ, ಬಟ್ಟೆ ತಾಗಿಸಬೇಡಿ.

ಪೆಟ್ರೋಲ್ ಯಾವುದು ಹಾಕುತ್ತೀರಿ ಅಂತ ನೀವು ಬರೆದೇ ಇಲ್ಲ. ಯಾರೂ ಬರೆಯುವುದಿಲ್ಲ. ಈ ಎಂಜಿನ್ನನ್ನು ಟ್ಯೂನ್ ಮಾಡಿದ್ದು ಜಪಾನಿನ ಹೈ-ಆಕ್ಟೇನ್ (ಒತ್ತಡದಲ್ಲಿ ಅಕಾಲಕ್ಕೆ ಹೊತ್ತಿಕೊಳ್ಳದ) ಪೆಟ್ರೋಲಿಗೆ, ಅದು ಅಲ್ಲಿ 100ರ ಆಸುಪಾಸು. ನೀವು 91 ಹಾಕಿ ಉಳಿಸಿದ ದುಡ್ಡು ಪಿಸ್ಟನ್ನಿಗೆ ಹೋಗುತ್ತದೆ. 98 ಹಾಕಿ. 98 ಸಿಗದ ಊರಲ್ಲಿ 95 ಹಾಕಿ ಮೆಲ್ಲಗೆ ಓಡಿಸಿ.

ಇಷ್ಟೂ ಆದಮೇಲೆ, ಆರೂ ಸಿಲಿಂಡರಿನ ಕಂಪ್ರೆಷನ್ ಒಂದೇ ಸಮ ಇದ್ದರೆ, ಬೂಸ್ಟ್ ವಿಚಾರ ಮಾತಾಡೋಣ. ನಿಮ್ಮ ಟರ್ಬೊದ ಎಕ್ಸಾಸ್ಟ್ ಕಡೆಯ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ತಿರುಗುತ್ತದೆ, ಆದರೆ ಅತಿಯಾದ ಬೂಸ್ಟ್ ತಡೆಯದೆ ಶಾಫ್ಟಿನಿಂದ ಕಿತ್ತು ಚೂರಾಗುತ್ತದೆ. 12 ಪಿಎಸ್‌ಐ ಓಡಿಸುವವರಿದ್ದಾರೆ. ನಾನು 10 ದಾಟಿಸುವುದಿಲ್ಲ, ಅದೂ ಎಕ್ಸಾಸ್ಟ್ ಪೈಪ್ ಬದಲಿಸಿ, ಬೇರೆ ಒಳ್ಳೆಯ ಬೂಸ್ಟ್ ಗೇಜ್ ಹಾಕಿಸಿ, ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಪೆಟ್ರೋಲ್-ಗಾಳಿಯ ಅನುಪಾತ ನೋಡಿದ ಮೇಲೆ. ಹಳೆಯ ಪೆಟ್ರೋಲ್ ಪಂಪ್ ಸುಸ್ತಾಗಿದ್ದರೆ ಗೊತ್ತಾಗುವುದು ಅಲ್ಲೇ. ನಿಮ್ಮ ಗೆಳೆಯ ಹೇಳಿದ 14ಕ್ಕೆ ಇನ್ನೊಂದು ತೊಂದರೆಯೂ ಇದೆ. ಗಾಳಿ ಲೆಕ್ಕಕ್ಕಿಂತ ಹೆಚ್ಚಾಯಿತು ಅಂತ ಕಂಡ ಕೂಡಲೇ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಸುರಿದು ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. "ಬೂಸ್ಟ್ ಏರಿಸಿದ ಮೇಲೆ ಗಾಡಿ ನಿಧಾನ ಆಯ್ತು" ಅಂತ ಬರೆದ ಇನ್ನಿಬ್ಬರಿಗೂ ಇದೇ ಉತ್ತರ. ನಾನು ಹೇಳಿದ 10ಕ್ಕಿಂತ ಮುಂದೆ ಹೋಗಬೇಕಾದರೆ ಸ್ಟೀಲ್ ಚಕ್ರದ ಟರ್ಬೊ, ದೊಡ್ಡ ಇಂಜೆಕ್ಟರ್, ಹೊಸ ಇಸಿಯು (ಎಂಜಿನ್ ಕಂಪ್ಯೂಟರ್), ನ್ಯೂಜಿಲೆಂಡಿನಲ್ಲಾದರೆ ಎಲ್‌ವಿವಿ ಸರ್ಟಿಫಿಕೇಟ್ (ಮಾರ್ಪಡಿಸಿದ ಗಾಡಿಗೆ ಕೊಡುವ ಪ್ರಮಾಣಪತ್ರ) ಕೂಡ. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ.

ಅಂದಹಾಗೆ, ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಇದೆಯಾ? ಇಲ್ಲದಿದ್ದರೆ ಅದು ಎಲ್ಲಕ್ಕಿಂತ ಮೊದಲು. ಆಮದಾದ ಗಾಡಿಯ ಓಡೋಮೀಟರ್ ನಂಬಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ಸುಬಾರು ಲೆಗಸಿ ಟ್ವಿನ್ ಟರ್ಬೊ. 4000-4500 ಆರ್‌ಪಿಎಂ ನಡುವೆ ಶಕ್ತಿ ಬಿದ್ದುಹೋಗುತ್ತದೆ.

ಮೊದಲ ಟರ್ಬೊದಿಂದ ಎರಡನೆಯದಕ್ಕೆ ದಾಟುವ ಜಾಗ ಅದು. ಹುಟ್ಟುಗುಣ. ಶಕ್ತಿ ಮರಳಿ ಬರುವುದೇ ಇಲ್ಲ ಅನ್ನುವಂತಿದ್ದರೆ ಮಾತ್ರ ವ್ಯಾಕ್ಯೂಮ್ ಹೋಸ್‌ಗಳನ್ನೂ ಸೊಲೆನಾಯ್ಡ್‌ಗಳನ್ನೂ ನೋಡಿಸಿ.

ಪ್ರಶ್ನೆ: "ಪುಸ್ಸ್" ಅಂತ ಸದ್ದು ಮಾಡುವ ಬ್ಲೋ-ಆಫ್ ವಾಲ್ವ್ ಹಾಕಿದರೆ ಪವರ್ ಹೆಚ್ಚುತ್ತದಾ?

ಸದ್ದು ಹೆಚ್ಚುತ್ತದೆ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಆನ್‌ಲೈನಿನಲ್ಲಿ ಸಿಗುವ ಅಗ್ಗದ "ಪವರ್ ಚಿಪ್"?

ಮ್ಯಾಗ್ನೆಟ್ ಫ್ರಿಜ್ಜಿಗೆ ಅಂಟಿಸಿ. ಆ ಚಿಪ್ ಅನ್ನೋದು ಸುಮ್ನೆ ಒಂದು ರೆಸಿಸ್ಟರ್, ಸೆನ್ಸರ್‌ಗೆ ಸುಳ್ಳು ಹೇಳಿಸುತ್ತದೆ. ಮಾರುವವರಿಗೆ ನಾಚಿಕೆ ಇಲ್ಲ.

ಪ್ರಶ್ನೆ: ಟರ್ಬೊ ಟೈಮರ್ (ಕೀ ತೆಗೆದ ಮೇಲೂ ಟರ್ಬೊ ತಣಿಯಲಿ ಅಂತ ಎಂಜಿನ್ ಸ್ವಲ್ಪ ಹೊತ್ತು ಓಡಿಸುವ ಸಾಧನ) ಬೇಕೇ ಬೇಕಾ?

ಮನೆ ಹತ್ತಿರ ಬಂದಾಗ ಮೆಲ್ಲಗೆ ಓಡಿಸಿದರೆ ಬೇಡ.

ಪ್ರಶ್ನೆ: ನನ್ನ ಆರ್33 ಅನ್ನು ಬೆಂಗಳೂರಿಗೆ ತಗೊಂಡು ಹೋಗಬಹುದಾ?

ಆಗಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರಿನ ಆಮದಿಗೆ ಭಾರತದ ನಿಯಮದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. "ಕಸ್ಟಮ್ಸ್‌ನಲ್ಲಿ ನಮ್ಮವರಿದ್ದಾರೆ" ಅನ್ನುವ ಏಜೆಂಟಿಗೆ ಅಡ್ವಾನ್ಸ್ ಕೊಡಬೇಡಿ.