ಸಾಕುಹಂದಿಯ ಸಹಜ ನೆಲೆ

ಸಾಕುಹಂದಿಗೆ ಸ್ವಂತ ನೆಲೆ ಅಂತ ಇದೆಯಾ, ದೊಡ್ಡಿಯೇ ಗತಿಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ಸುಮಾರು 9,000 ವರ್ಷಗಳ ಹಿಂದೆ ಈಗಿನ ಟರ್ಕಿಯ ಕಡೆ, ಹಾಗೆಯೇ ಚೀನಾದಲ್ಲಿ ಪ್ರತ್ಯೇಕವಾಗಿ ಪಳಗಿದ ಕಾಡುಹಂದಿಯ ಸಂತತಿ ಇದು. ಮರದ ನೆರಳು, ಹತ್ತಿರದಲ್ಲೇ ನೀರು, ಮೂತಿಯಿಂದ ಅಗೆದು ಗೆಡ್ಡೆ, ಹುಳು ಹುಡುಕಲು ಮೆತ್ತನೆಯ ಮಣ್ಣು, ಇಷ್ಟಿದ್ದರೆ ಅದಕ್ಕೆ ಮನೆ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ತಪ್ಪಿಸಿಕೊಂಡ ಸಾಕುಹಂದಿಗಳ ಪೀಳಿಗೆ ಜೌಗು, ನದಿಯಂಚುಗಳಲ್ಲಿ ಚೆನ್ನಾಗಿಯೇ ಬದುಕಿದೆ.

ಕೆಸರಿನ ಬಗ್ಗೆ ಒಂದು ಮಾತು. ಅದು ಕೊಳಕುತನವಲ್ಲ! ಹಂದಿ ನಮ್ಮಂತೆ ಬೆವರಿ ತಣಿಯಲಾರದು. ಕೆಸರೇ ಮೈ ತಂಪಾಗಿಸುತ್ತದೆ, ಬಿಸಿಲಿನಿಂದಲೂ ಕಾಯುತ್ತದೆ. ಜಾಗ ಸಾಕಷ್ಟಿದ್ದರೆ ಅದು ಮಲಗುವಲ್ಲಿ ಹೇಸಿಗೆ ಮಾಡುವುದೇ ಇಲ್ಲ. ಈಯುವ ಮುನ್ನ ಹೆಣ್ಣುಹಂದಿ ಹುಲ್ಲು, ಕಡ್ಡಿ ತಂದು ಗೂಡು ಕಟ್ಟುತ್ತದೆ. ಕಾಂಕ್ರೀಟ್ ನೆಲದ ಮೇಲಿದ್ದರೂ ಆ ತವಕ ಹೋಗಿಲ್ಲ. ನೀವು ಸಾಕುವುದಾದರೆ ದಯವಿಟ್ಟು ಒಂದಿಷ್ಟು ಒಣಹುಲ್ಲನ್ನಾದರೂ ಹಾಕಿ.