ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ ಪಾತ್ರ ಮಾಡಿಕೊಳ್ಳುವಾಗ ‘ಗಂಡು/ಹೆಣ್ಣು’ ಆಯ್ಕೆ ಹೋಗಿ ‘ಬಾಡಿ ಟೈಪ್’ (ಮೈಕಟ್ಟು) ಬಂದಿದ್ದೇಕೆ? ಇದೆಲ್ಲ ಬರೀ ಫ್ಯಾಶನ್ನೇ?

‘ಎಲ್ಡನ್ ರಿಂಗ್’ ಆಟ ಮಾಡಿದಂತೆ ‘ಟೈಪ್ ಎ’, ‘ಟೈಪ್ ಬಿ’ ಎಂದು ಚೀಟಿ ಬದಲಿಸಿದ್ದನ್ನಷ್ಟೇ ನೋಡಿದರೆ ಫ್ಯಾಶನ್ ಎನ್ನಿಸುವುದು ಸಹಜ. ನನಗೂ ಅದು ಸಪ್ಪೆಯೇ. ಆದರೆ ನಿಜವಾದ ಬದಲಾವಣೆ ಆಗಿರುವುದು ಬೇರೆ ಕಡೆ.

1988ರ ‘ಪೂಲ್ ಆಫ್ ರೇಡಿಯನ್ಸ್’ನಲ್ಲಿ ಹೆಣ್ಣು ಪಾತ್ರ ಮಾಡಿಕೊಳ್ಳಲು ಅಡ್ಡಿ ಇರಲಿಲ್ಲ, ದಂಡ ಮಾತ್ರ ತೆರಬೇಕಿತ್ತು. ಅದು ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನ ಮೇಲಿನ ಆಟದ ಮೊದಲ ಆವೃತ್ತಿಯ ನಿಯಮ ಅನುಸರಿಸಿದ ಆಟ. ಮನುಷ್ಯ ಕುಲದ ಗಂಡು ಫೈಟರ್‌ಗೆ ಶಕ್ತಿ 18/00ರವರೆಗೆ ಏರಬಹುದು, ಹೆಣ್ಣಿಗೆ 18/50ಕ್ಕೇ ಮುಗಿಯಿತು (ಇಲ್ಲಿ 00 ಎಂದರೆ ನೂರು). ಆ ನಿಯಮದ ಪಟ್ಟಿಯಲ್ಲಿ ಮೊದಲನೆಯವನ ಏಟಿಗೆ ಆರು ಅಂಕ ಹೆಚ್ಚುವರಿ, ಎರಡನೆಯವಳ ಏಟಿಗೆ ಮೂರು. ಹೀಗಾದರೆ ತಂಡ ಕಟ್ಟುವವನಿಗೆ ಹೆಂಗಸರ ಮೇಲೆ ಯಾವ ದ್ವೇಷವೂ ಬೇಕಿಲ್ಲ. ಲೆಕ್ಕ ಗೊತ್ತಿದ್ದರೆ ಸಾಕು, ಅವಳನ್ನು ಹೊರಗಿಡುತ್ತಾನೆ. 1989ರ ಎರಡನೆಯ ಆವೃತ್ತಿ ಈ ಮಿತಿಯನ್ನು ಕೈಬಿಟ್ಟಿತು. ಆದರೂ 2002ರ ‘ಮಾರೋವಿಂಡ್’ನಲ್ಲಿ ಒಂದೇ ಕುಲದ ಗಂಡಿಗೂ ಹೆಣ್ಣಿಗೂ ಆರಂಭದ ಅಂಕಗಳು ಬೇರೆಬೇರೆ ಇರುತ್ತಿದ್ದವು.

ಆಮೇಲೆ ‘ಮಾಸ್ ಎಫೆಕ್ಟ್’ ಬಂತು, 2007ರಲ್ಲಿ. ಅದರ ನಾಯಕಪಾತ್ರ ಕಮಾಂಡರ್ ಶೆಪರ್ಡ್‌ಗೆ ಎರಡು ದನಿ: ಗಂಡಾದರೆ ಮಾರ್ಕ್ ಮೀರ್, ಹೆಣ್ಣಾದರೆ ಜೆನಿಫರ್ ಹೇಲ್. ಮಾತುಗಳು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಹೇಲ್ ದನಿಯಲ್ಲಿ ಆ ಕಥೆ ಅಷ್ಟು ಚೆನ್ನಾಗಿ ಕೂರುವುದು ಅದಕ್ಕೇ ಎಂದು ನನ್ನ ನಂಬಿಕೆ. ಬರೆದವರು ‘ಹೆಂಗಸಿನ ಮಾತು’ ಎಂದು ಬೇರೆಯಾಗಿ ಬರೆಯಲು ಕೂರಲಿಲ್ಲ. ಚಲನೆಗಳನ್ನೂ ಹಾಗೆಯೇ ಹಂಚಿಬಿಟ್ಟಿದ್ದರು. ಎರಡನೆಯ ಭಾಗದಲ್ಲಿ ನನ್ನ ಶೆಪರ್ಡ್ ಗಿಡ್ಡ ಕಪ್ಪು ಉಡುಪು ತೊಟ್ಟು, ಮೊಣಕಾಲು ಅಗಲಿಸಿ, ಊರ ಗೌಡರಂತೆ ಕೂತಿದ್ದನ್ನು ನೋಡಿ ನಕ್ಕು ಸಾಕಾಗಿತ್ತು. ಜಾಹೀರಾತಿನಲ್ಲಿ ಹೆಣ್ಣು ಶೆಪರ್ಡ್ ಬಹುಕಾಲ ಕಾಣಲೇ ಇಲ್ಲ. 2011ರಲ್ಲಿ ತಯಾರಕರು ಹೇಳಿದ ಪ್ರಕಾರ ಅವಳನ್ನು ಆರಿಸುತ್ತಿದ್ದವರು ಶೇ 18. ಮರುವರ್ಷ ಮೂರನೆಯ ಭಾಗದ ಹೊದಿಕೆಯನ್ನು ತಿರುವಿ ಹಾಕಿದರೆ ಅವಳ ಚಿತ್ರ ಸಿಗುತ್ತಿತ್ತು. 2021ರ ಮರುಆವೃತ್ತಿಯಲ್ಲಿ ಆ ಪ್ರಮಾಣ ಶೇ 32.

ಇನ್ನು ನಿಮ್ಮ ‘ಬಾಡಿ ಟೈಪ್’. ಬರೀ ಚೀಟಿ ಬದಲಿಸುವುದಕ್ಕಿಂತ 2023ರ ‘ಬಾಲ್ಡರ್ಸ್ ಗೇಟ್ 3’ ಮಾಡಿದ್ದು ನನಗೆ ಇಷ್ಟ. ಅಲ್ಲಿ ಮೈಕಟ್ಟು, ದನಿ, ಗುರುತು ಮೂರನ್ನೂ ಬಿಡಿಸಿಟ್ಟಿದ್ದಾರೆ. ಒಂದನ್ನು ಆರಿಸಿದರೆ ಇನ್ನೊಂದು ತಾನಾಗಿ ಅಂಟಿಕೊಂಡು ಬರುವುದಿಲ್ಲ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಗುರುತನ್ನು ಆರಿಸಿದರೆ ಆಟದ ಮಂದಿ ‘ದೇ’ (they) ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಎಷ್ಟು ರಂಪ! ಕನ್ನಡದಲ್ಲಿ ಕಥೆ ಹೇಳುವಾಗ ನಾನು ‘ಅವರು’ ಎಂದುಬಿಡುತ್ತೇನೆ, ಯಾರೂ ಹುಬ್ಬೇರಿಸುವುದಿಲ್ಲ. ಜೇಬುಗಳ್ಳನಿಗೂ ಮರ್ಯಾದೆ ಸಿಕ್ಕಿಬಿಡುತ್ತದೆ, ಅಷ್ಟೇ ತೊಂದರೆ.

ಹೋದ ತಿಂಗಳು ನನ್ನ ಅಕ್ಕನ ಮಗಳು ‘ಬಾಲ್ಡರ್ಸ್ ಗೇಟ್ 3’ರಲ್ಲಿ ಒಬ್ಬ ಡ್ವಾರ್ಫ್ (ಗಿಡ್ಡ ಕುಲದ) ಹೆಂಗಸನ್ನು ಮಾಡಿದಳು. ಎದೆಮಟ್ಟ ಜಡೆ ಹೆಣೆದ ಕೆಂಪು ಗಡ್ಡ. ‘ಇದ್ಯಾಕೆ?’ ಎಂದೆ. ‘ಇತ್ತಲ್ಲ, ಅದಕ್ಕೆ’ ಎಂದು ಗಡ್ಡಕ್ಕೆ ಇನ್ನಷ್ಟು ಗಾಢ ಬಣ್ಣ ಹುಡುಕತೊಡಗಿದಳು.