ಮಗುವಿನ ತಟ್ಟೆ, ಊರಿನ ಜಗಳ

ಈ ತಿಂಗಳು ಬಂದ ಪತ್ರಗಳಲ್ಲಿ ಜಗಳದ ಪ್ರಶ್ನೆಗಳೇ ಜಾಸ್ತಿ. ಮೊಟ್ಟೆ, ಇಂಗ್ಲಿಷ್ ಮೀಡಿಯಂ, ದಸರಾ, ಬೋರ್ಡು, ಬಸ್ಸು. “ಎರಡೂ ಕಡೆ ಸರಿ ಅಂತ ಹೇಳಿ ಜಾರಿಕೊಳ್ಳಬೇಡಿ ಮೇಡಂ, ನಿಮ್ಮ ಸ್ವಂತ ಅಭಿಪ್ರಾಯ ಬರೆಯಿರಿ” ಅಂತ ಹಲವರು ಕೇಳಿದ್ದಾರೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಹೆಡ್ ಮಿಸ್ ಆಗಿದ್ದು ನಿವೃತ್ತಳಾದವಳು ನಾನು. ಅಲ್ಲಿಂದ ಕಂಡದ್ದನ್ನೇ ಬರೆಯುತ್ತೇನೆ. ಒಪ್ಪದವರು ಮರುಪತ್ರ ಹಾಕಿ.

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಮೊಟ್ಟೆ ಕೊಡಬಾರದು ಅಂತ ಒಂದು ಗುಂಪು, ಕೊಡಲೇಬೇಕು ಅಂತ ಇನ್ನೊಂದು ಗುಂಪು. ಶಾಲೆ ಪಕ್ಕದಲ್ಲೇ ಗುಡಿ ಇದೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಯಾವ ಕಡೆ ನಿಲ್ಲಲಿ?
— ಒಬ್ಬ ತಂದೆ, ಮಂಡ್ಯ ಜಿಲ್ಲೆ

ಕೊಡಬೇಕು ಅನ್ನುವವರ ಕಡೆ ನಿಲ್ಲಿ. ಬಾಳೆಹಣ್ಣು ಕೇಳುವ ಮಗುವಿಗೆ ಬಾಳೆಹಣ್ಣೂ ಸಿಗುವ ಹಾಗೆ ನೋಡಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೊಟ್ಟೆ ತಿನ್ನುವುದಿಲ್ಲ. ನಮ್ಮದು ಲಿಂಗಾಯತರ ಮನೆ, ಅಡುಗೆಮನೆಯೊಳಗೆ ಮೊಟ್ಟೆ ಬಂದದ್ದೇ ಇಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ಕೆಲವು ಮಠಾಧೀಶರು ವಿರೋಧಿಸಿದರು. ನಮ್ಮ ಬೀಗರ ಪೈಕಿಯವರೂ ಫೋನ್ ಮಾಡಿ, “ನಿನ್ನ ಕೈಯಾರೆ ಹಂಚುತ್ತೀಯೇನು?” ಅಂತ ಕೇಳಿದರು. ಹಂಚಿದೆ. ಕೈ ತೊಳೆದುಕೊಂಡು ಮನೆಗೆ ಬಂದು ಪೂಜೆ ಮಾಡಿದೆ. ಎರಡರಲ್ಲೂ ನನಗೆ ಏನೂ ತೊಡಕು ಕಾಣಲಿಲ್ಲ.

ಆಗ ಕಂಡದ್ದು ಕೇಳಿ. ಮೊಟ್ಟೆಯ ದಿನ ಅಡುಗೆಯ ಅಕ್ಕಂದಿರು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಬೇಯಿಸುತ್ತಿದ್ದರು. ಸುಲಿಯಲು ಕೈ ಸಾಲುತ್ತಿರಲಿಲ್ಲ, ನಾವು ಟೀಚರುಗಳೂ ಕೂರುತ್ತಿದ್ದೆವು. ಮೂರನೇ ಕ್ಲಾಸಿನ ಒಬ್ಬ ಹುಡುಗಿ ಅರ್ಧ ಮೊಟ್ಟೆ ತಿಂದು ಉಳಿದರ್ಧವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದಳು. ಕೇಳಿದರೆ, “ತಮ್ಮಗ ಒಯ್ತೀನ್ರೀ” ಅಂದಳು. ಅವರವ್ವ ಹತ್ತಿ ಬಿಡಿಸಲು ಕೂಲಿ ಹೋಗುವವಳು. ಆ ಹುಡುಗಿ ತನ್ನ ಪಾಲನ್ನು ತಾನೇ ಪೂರ್ತಿ ತಿನ್ನಲಿ ಅಂತ ಗದರಬೇಕಿತ್ತೇನೋ. ನನಗೆ ಬಾಯಿ ಬರಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಕಂಡದ್ದರಲ್ಲಿ ಅವಳ ಆ ಅಂಗೈ ಮಾತ್ರ ಈಗಲೂ ಕಣ್ಣೆದುರು ಬರುತ್ತದೆ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 65 ಮಂದಿಗೆ ರಕ್ತಹೀನತೆ. ಆ ಮಕ್ಕಳೇ ಆರು ವರ್ಷಕ್ಕೆ ನಮ್ಮ ಒಂದನೇ ಕ್ಲಾಸಿಗೆ ಬರುವುದು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ, ಗಿಡಮೂಲದ ಊಟದಲ್ಲಿ ಸಿಗದ ಬಿ12 ಇದೆ. ಬಾಳೆಹಣ್ಣು ಒಳ್ಳೆಯದೇ, ಆದರೆ ಇವೆರಡರ ಜಾಗವನ್ನು ಅದು ತುಂಬುವುದಿಲ್ಲ. ಪಕ್ಕದ ತಮಿಳುನಾಡು 1989ರಲ್ಲೇ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರುಮಾಡಿತ್ತು. ನಮ್ಮಲ್ಲಿ 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಆಗಿದೆ. ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೊರುತ್ತಿದೆ, ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ.

ಬೇಡ ಅನ್ನುವವರನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಅವರ ಮಗುವಿನ ಬಾಯಿಗೆ ಮೊಟ್ಟೆ ತುರುಕಿದರೆ ನಾನೇ ಅವರ ಪರ ಧರಣಿ ಕೂರುತ್ತೇನೆ. ಆದರೆ ತಮ್ಮ ಮಗುವಿಗೆ ಬೇಡ ಅನ್ನುವ ಹಕ್ಕು ಬೇರೆ, ಪಕ್ಕದ ತಟ್ಟೆಯ ಮಗುವಿಗೂ ಬೇಡ ಅನ್ನುವ ಅಧಿಕಾರ ಬೇರೆ. ಮೊದಲನೆಯದು ಅವರಿಗಿದೆ. ಎರಡನೆಯದನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಗುಡಿ ಪಕ್ಕದಲ್ಲಿದೆ ಅಂದಿರಿ. ಗುಡಿ ಬೀದಿಯ ಎಷ್ಟು ಮನೆಯಲ್ಲಿ ಭಾನುವಾರ ಕೋಳಿ ಬೇಯುತ್ತದೆ ಅಂತ ನಿಮಗೇ ಗೊತ್ತು. ಅಲ್ಲಿ ಇಲ್ಲದ ಮೈಲಿಗೆ ಮಕ್ಕಳ ಊಟಕ್ಕೆ ಮಾತ್ರ ಯಾಕೆ ಬರಬೇಕು? ನಿಮ್ಮ ಊರಲ್ಲಿ ಜಗಳ ಬೆಳೆದರೆ ಆಗುವುದೇನು ಅಂತಲೂ ಯೋಚಿಸಿ. ಕೈಯಲ್ಲಿ ಕಾಸಿದ್ದವರು ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಹೋಗುತ್ತಾರೆ. ಉಳಿಯುವುದು ಬೇರೆ ದಾರಿಯಿಲ್ಲದ ಮಕ್ಕಳು. ಶಾಲೆಯಲ್ಲಿ ದಾಖಲಾತಿ ಕಡಿಮೆಯಾದರೆ ಟೀಚರ್ ಹುದ್ದೆಯೂ ಹೋಗುತ್ತದೆ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಮೊಟ್ಟೆಯವರನ್ನು ಒಂದು ಸಾಲು, ಬಾಳೆಹಣ್ಣಿನವರನ್ನು ಇನ್ನೊಂದು ಸಾಲು ಕೂರಿಸಬೇಡಿ. ಸುಲಭ ಆಗುತ್ತದೆ ಅಂತ ಕೆಲವು ಕಡೆ ಹಾಗೆ ಮಾಡುತ್ತಾರೆ. ವಾರ ಕಳೆಯುವುದರಲ್ಲಿ ಅದು ಜಾತಿಯ ಸಾಲು ಆಗಿಬಿಡುತ್ತದೆ. ನಮ್ಮಲ್ಲಿ ಎಲ್ಲರೂ ಕ್ಲಾಸಿನ ಪ್ರಕಾರ ಒಟ್ಟಿಗೆ ಕೂರುತ್ತಿದ್ದರು, ಮೊಟ್ಟೆ, ಬಾಳೆಹಣ್ಣಿನ ಎರಡೂ ಬಕೆಟ್ ಸಾಲಿನ ಉದ್ದಕ್ಕೂ ಬರುತ್ತಿತ್ತು, ಬೇಕಾದ್ದನ್ನು ಮಕ್ಕಳೇ ಕೇಳುತ್ತಿದ್ದರು.

ಪ್ರಶ್ನೆ: ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದಕ್ಕೆ ಕನ್ನಡ ಸಂಘಟನೆಯಲ್ಲಿರುವ ನಮ್ಮಣ್ಣ ನನ್ನನ್ನು ಕನ್ನಡದ್ರೋಹಿ ಅಂತಾನೆ. ನಾನು ಮಾಡಿದ್ದು ತಪ್ಪಾ?
— ಟೈಲರ್ ಅಂಗಡಿಯವಳು, ಹುಬ್ಬಳ್ಳಿ

ಇಲ್ಲಮ್ಮ. ನಿಮ್ಮ ಅಣ್ಣನ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ನೀವು ಬರೆದಿಲ್ಲ. ಕೇಳಿ ನೋಡಿ.

ಚಿಕ್ಕ ಮಕ್ಕಳು ಮನೆಯ ಭಾಷೆಯಲ್ಲೇ ಓದಲು, ಬರೆಯಲು, ಲೆಕ್ಕ ಮಾಡಲು ಕಲಿಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. “ನೀರು ಆವಿಯಾಗುತ್ತದೆ” ಅಂದರೆ ನಮ್ಮ ಹುಡುಗರು, “ಹೌದ್ರೀ, ಅವ್ವನ ಗಂಜಿಯೊಳಗಿಂದ ಬರತೈತಲ್ಲ” ಅನ್ನುತ್ತಿದ್ದರು. ಅದೇ ಪಾಠ ಇಂಗ್ಲಿಷ್ ವಿಭಾಗದಲ್ಲಿ ಬಾಯಿಪಾಠ ಆಗುತ್ತಿತ್ತು. ಆದರೆ ನನ್ನ ನಂಬಿಕೆಯ ಭಾರವನ್ನು ನಿಮ್ಮ ಮಗಳ ಮೇಲೆ ಹೇರಲು ನನಗೆ ಮನಸ್ಸಿಲ್ಲ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಲು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ತಂದೆತಾಯಿಯದು, ಸರ್ಕಾರ ಹೇರುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ನನಗೆ ಬೇಸರ ಆಯಿತು. ಆದರೂ ಇಷ್ಟು ನೋಡಿ: ಆದೇಶ ಜಾರಿಯಲ್ಲಿದ್ದ ಕಾಲದಲ್ಲೂ ದುಡ್ಡಿದ್ದವರ ಮಕ್ಕಳು ಹೇಗೋ ಇಂಗ್ಲಿಷ್ ಕಲಿತರು. ನಿಯಮ ಪಾಲಿಸಿದ್ದು ಸರ್ಕಾರಿ ಶಾಲೆಯ ಮಕ್ಕಳು ಮಾತ್ರ.

ನಮ್ಮ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಪಾಠ ಇದೆ. ಪುಸ್ತಕ ಬಂತು, ಕಲಿಸುವವರು ಬರಲಿಲ್ಲ. ಕನ್ನಡದಲ್ಲೇ ಓದಿ ಇಂಗ್ಲಿಷನ್ನೂ ಚೆನ್ನಾಗಿ ಮಾತಾಡುವ ಮಕ್ಕಳನ್ನು ಸರ್ಕಾರಿ ಶಾಲೆ ತಯಾರು ಮಾಡಿದರೆ ನೀವು ತಿಂಗಳ ದುಡಿಮೆಯನ್ನು ಫೀಸಿಗೆ ಸುರಿಯುತ್ತಿದ್ದಿರಾ? ನಿಮ್ಮ ಅಣ್ಣ ಮತ್ತು ಅವನ ಸಂಘಟನೆಯವರು ಅದಕ್ಕಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮುಂದೆ ಕೂರಲಿ, ನಾನೂ ಬರುತ್ತೇನೆ. ಮಗಳಿಗೆ ರಾತ್ರಿ ಕನ್ನಡ ಕಥೆ ಓದಿ ಹೇಳಿ. ಆಮೇಲೆ ಅವಳಿಂದ ಓದಿಸಿ.

ಪ್ರಶ್ನೆ: ಕಳೆದ ವರ್ಷ ದಸರಾ ಉದ್ಘಾಟನೆಗೆ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದದ್ದು ಸರಿಯೇ? ಚಾಮುಂಡಿಗೆ ಪೂಜೆ ಸಲ್ಲಿಸಿ ಶುರುವಾಗುವ ಹಬ್ಬ ಅದು. ಅವರು ಹಿಂದೆ ಭುವನೇಶ್ವರಿಯ ಬಗ್ಗೆ ಆಡಿದ ಮಾತು ಮರೆತಿರಾ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮರೆತಿಲ್ಲ. 2023ರ ಒಂದು ಸಮ್ಮೇಳನದಲ್ಲಿ, ಕನ್ನಡವನ್ನು ದೇವಿ ಮಾಡಿ ಅರಿಶಿನ ಕುಂಕುಮದ ಚೌಕಟ್ಟಿಗೆ ಹಾಕಿದರೆ ನನ್ನಂಥವಳು ಎಲ್ಲಿ ನಿಲ್ಲಬೇಕು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಆ ಮಾತು ನಿಮಗೆ ನೋವು ಕೊಟ್ಟಿದ್ದರೆ ಅವರನ್ನು ಕೇಳುವ ಹಕ್ಕು ನಿಮಗಿದೆ. ನನಗಂತೂ ಅದು ದೂರ ಹೋಗುವವರ ಮಾತಿನ ಹಾಗೆ ಕೇಳಲಿಲ್ಲ. ಒಳಗೆ ಬರಲು ಜಾಗ ಕೇಳುವವರ ಮಾತಿನ ಹಾಗೆ ಕೇಳಿತು. ನಮ್ಮ ಕ್ಲಾಸುಗಳಲ್ಲಿ ಮುಸ್ಲಿಂ ಹುಡುಗಿಯರು ನಾಡಗೀತೆ ಹಾಡುವಾಗ ಎಲ್ಲರಿಗಿಂತ ಮುಂದೆ ನಿಂತು ಶ್ರುತಿ ಹಿಡಿಯುತ್ತಿದ್ದುದನ್ನು ಕಂಡವಳು ನಾನು.

ಅವರ ಮಾತನ್ನು ಟೀಕಿಸುವುದು ಒಂದು. ಹುಟ್ಟಿದ ಮನೆ ನೋಡಿ ಚಾಮುಂಡಿ ಬೆಟ್ಟ ಹತ್ತಬೇಡ ಅನ್ನುವುದು ಇನ್ನೊಂದು. ಹೋದ ವರ್ಷ ನಡೆದದ್ದರಲ್ಲಿ ಎರಡನೆಯದೇ ಜಾಸ್ತಿ ಇತ್ತು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ಬೆಟ್ಟದಲ್ಲಿ ಇದೇ ಹಬ್ಬ ಉದ್ಘಾಟಿಸಿದ್ದರು, ಆಕಾಶ ಬೀಳಲಿಲ್ಲ. ಬಾನು ಅವರ ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ಅರ್ಜಿ ವಜಾ ಆಯಿತು. 2025ರ ಸೆಪ್ಟೆಂಬರ್ 22ರಂದು ಅವರು ಬೆಟ್ಟಕ್ಕೆ ಬಂದು ದೇವಿಗೆ ಹೂವು ಹಾಕಿದರು. ಸರ್ಕಾರ ನಡೆಸುವ, ನಮ್ಮೆಲ್ಲರ ತೆರಿಗೆಯಿಂದ ನಡೆಯುವ ನಾಡಹಬ್ಬ ಅದು. ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಸಲ ತಂದ ಹಾಸನದ ಹೆಣ್ಣುಮಗಳನ್ನು ಆ ವರ್ಷ ಕರೆಯದೆ ಇನ್ಯಾರನ್ನು ಕರೆಯಬೇಕಿತ್ತು?

ಪೂಜೆಯ ಕ್ರಮ, ಅರ್ಚಕರ ಕೆಲಸ ಯಾವುದೂ ಬದಲಾಗಿಲ್ಲ. ನಿಮ್ಮ ಭಕ್ತಿಗೆ ಕಡಿಮೆ ಆದದ್ದೇನು ಅಂತ ದಯವಿಟ್ಟು ಬರೆಯಿರಿ. ನಿಮ್ಮ ಪತ್ರಕ್ಕೆ ಮುಂದಿನ ಸಂಚಿಕೆಯಲ್ಲಿ ಮೊದಲ ಜಾಗ.

ಪ್ರಶ್ನೆ: ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವುದು ಹೊರಗಿನವರಿಗೆ ಕಿರುಕುಳ ಅಂತ ಆಫೀಸಿನ ಗೆಳೆಯರು ಅಂತಾರೆ. ಏನು ಉತ್ತರ ಕೊಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಕಿರುಕುಳ ಅಲ್ಲ ಅಂತ ಹೇಳಿ. ಬೋರ್ಡಿನಲ್ಲಿ ಉಳಿದ 40 ಅವರಿಷ್ಟದ ಭಾಷೆಗೇ ಇದೆ. ಊರ ಭಾಷೆ ಮಾತ್ರ ಬರುವ ಮುದುಕಿ ಆಸ್ಪತ್ರೆ ಯಾವುದು, ಔಷಧಿ ಅಂಗಡಿ ಯಾವುದು ಅಂತ ಓದಿಕೊಳ್ಳಬೇಡವೇ? ಚಿಕ್ಕಪೇಟೆಯಲ್ಲಿ ಹೊರ ರಾಜ್ಯದಿಂದ ಬಂದ ವ್ಯಾಪಾರಿಗಳು ತಲೆಮಾರುಗಳಿಂದ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಾರೆ, ಅವರಿಗೆ ಯಾವ ಕಾನೂನೂ ಕಲಿಸಲಿಲ್ಲ.

ಆದರೆ 2023ರ ಡಿಸೆಂಬರಿನಲ್ಲಿ ಕನ್ನಡ ಸಂಘಟನೆಯವರು ಬೋರ್ಡು ಹರಿದು ಒಡೆದದ್ದನ್ನು ನಾನು ಒಪ್ಪುವುದಿಲ್ಲ. ಕಾನೂನು ಇದೆ, ದಂಡ ಹಾಕುವವರಿದ್ದಾರೆ. ಕನ್ನಡ ಬಾರದ ಡೆಲಿವರಿ ಹುಡುಗನನ್ನು ನಿಲ್ಲಿಸಿ, ವಿಡಿಯೋ ಮಾಡಿ ಅವಮಾನಿಸುವುದಂತೂ ಹೇಡಿತನ. ಅದೇ ಗೆಳೆಯರಿಗೆ ನೀವೇ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾಲ್ಕು ಮಾತು ಕಲಿಸಿ. “ಎಷ್ಟು?”, “ಇಲ್ಲೇ ನಿಲ್ಸಿ”, “ಊಟ ಆಯ್ತಾ?” ಇಷ್ಟರಿಂದ ಶುರುಮಾಡಿ.

ಪ್ರಶ್ನೆ: ಫ್ರೀ ಬಸ್ಸಿನಿಂದ ಗಂಡಸರಿಗೆ ಸೀಟೇ ಇಲ್ಲ. ಇದು ನ್ಯಾಯವೇ?
— ದಿನಾ ಓಡಾಡುವ ಗುಮಾಸ್ತ, ಗದಗ

ಸೀಟಿಲ್ಲದ ಕಷ್ಟ ನಿಜ. ಅದಕ್ಕೆ ಬಸ್ಸು ಜಾಸ್ತಿ ಬಿಡಿ ಅಂತ ಕೇಳಿ, ಹೆಂಗಸರನ್ನು ಇಳಿಸಿ ಅಂತಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಹೆಣ್ಣುಮಕ್ಕಳು ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ತವರಿಗೆ ಹೋಗಿ ಬರುತ್ತಿದ್ದಾರೆ. ಜಿಲ್ಲಾ ಆಸ್ಪತ್ರೆಗೆ ಎರಡನೇ ಸಲ ತೋರಿಸಲು ಹೋಗುತ್ತಿದ್ದಾರೆ. ಮೊದಲು ಮೊದಲನೇ ಸಲಕ್ಕೇ ನಿಲ್ಲುತ್ತಿತ್ತು.

ಪ್ರಶ್ನೆ: ಅಪ್ಪ ಒಂದು ಪಕ್ಷ, ನಾನು ಒಂದು ಪಕ್ಷ. ಚುನಾವಣೆಯಿಂದ ಮಾತು ಬಿಟ್ಟಿದ್ದೇವೆ. ಫ್ಯಾಮಿಲಿ ಗ್ರೂಪಿನಲ್ಲಿ ಅವರು ಹಾಕುವುದನ್ನೆಲ್ಲ ಸುಳ್ಳು ಅಂತ ತೋರಿಸಿದೆ, ಗ್ರೂಪಿನಿಂದಲೇ ಹೊರಗೆ ಹೋದರು.
— ಪಿಯು ಉಪನ್ಯಾಸಕ, ಶಿವಮೊಗ್ಗ

ಸುಳ್ಳನ್ನು ಸುಳ್ಳು ಅಂದದ್ದು ಸರಿ. ಆದರೆ ಎಲ್ಲರ ಮುಂದೆ, ಸೊಸೆ ಅಳಿಯಂದಿರೂ ಇರುವ ಗ್ರೂಪಿನಲ್ಲಿ ಯಾಕೆ? ಅವರ ನಂಬರಿಗೆ ಮಾತ್ರ ಕಳಿಸಬಹುದಿತ್ತು, ಅಲ್ವಾ?

ಈ ಭಾನುವಾರ ಊರಿಗೆ ಹೋಗಿ. ಅವರ ಪಕ್ಷ ಅವರಿಗೆ ಯಾಕೆ ಹಿಡಿಸಿತು, ಯಾವ ವರ್ಷದಿಂದ, ಯಾರನ್ನು ನೋಡಿ ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ನನ್ನ ತಂದೆಯವರನ್ನು ಕೇಳಿದಾಗ ಅವರು ತುರ್ತು ಪರಿಸ್ಥಿತಿಯ ಕಾಲದ ಕಥೆ ಶುರುಮಾಡಿ ಊಟದ ಹೊತ್ತು ಮೀರಿಸಿದ್ದರು. ಅವರ ವೋಟು ಬದಲಾಗಲಿಲ್ಲ, ನನ್ನದೂ ಬದಲಾಗಲಿಲ್ಲ. ಆಮೇಲಿನ ಚುನಾವಣೆಯಲ್ಲಿ ಮತಗಟ್ಟೆಗೆ ಇಬ್ಬರೂ ಒಂದೇ ಆಟೋದಲ್ಲಿ ಹೋದೆವು. ಹೋಗಿ ಬಂದು ಏನಾಯಿತು ಅಂತ ಬರೆಯಿರಿ.